ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬಂದವರು: ಗಡ್ಡಿಯಿಂದ ಸಾಣಾಪುರದವರೆಗೆ

ಚಳಿಗಾಲದಲ್ಲಿ ಆನೆಗೊಂದಿಯಿಂದ ಸಾಣಾಪುರದ ಕಡೆ ಹೋದವರು ಇದನ್ನು ನೋಡಿಯೇ ಇರುತ್ತೀರಿ. ಬೆನ್ನಿಗೆ ಮಡಚಿದ ದಪ್ಪ ಹಾಸಿಗೆ ಕಟ್ಟಿಕೊಂಡ ಹುಡುಗ-ಹುಡುಗಿಯರು ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದು ಗುಡ್ಡದ ಕಡೆ ಹೋಗುತ್ತಿರುತ್ತಾರೆ. ಗುಡ್ಡದಲ್ಲಿ ಮಲಗೋಕೆ ಹೊರಟಿದ್ದಾರಾ ಅಂತ ನಾವೂ ಮೊದಲ ಸಲ ಅಂದುಕೊಂಡಿದ್ದೆವು. ಮಲಗೋಕಲ್ಲ, ಬೀಳೋಕೆ. ಹಗ್ಗ ಇಲ್ಲದೆ ಬಂಡೆ ಹತ್ತುವಾಗ ಕೈ ಜಾರಿದರೆ ಆ ಹಾಸಿಗೆ ಮೇಲೆ ಬೀಳಬೇಕು. ಈ ಆಟಕ್ಕೆ ಬೋಲ್ಡರಿಂಗ್ ಅಂತಾರೆ. ಬಿಗಿಯಾದ ಶೂ, ಬೆರಳಿನ ಬೆವರು ಹೀರುವ ಬಿಳಿ ಪುಡಿ, ಒಂದು ಹಾಸಿಗೆ, ಇಷ್ಟೇ ಸಾಮಾನು. ಬಂಡೆ ಕಾದರೆ ಹಿಡಿತ ಸಿಗದು. ಅದಕ್ಕೇ ನವೆಂಬರ್‌ನಿಂದ ಫೆಬ್ರವರಿವರೆಗೆ ಇವರ ಹಂಗಾಮು.

ಈ ಬಂಡೆಗಳಿಗೆ ಮನುಷ್ಯರ ಕೈ ತಾಗಿದ್ದು ಹೊಸದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು. ಭೂಮಿಯೊಳಗೆ ಬಿರುಕು ಬಿಟ್ಟು, ಮೂಲೆ ಸವೆದು, ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಕಲ್ಲುಗಳು ಹೊರಗೆ ಕಂಡವು. ಯಾರೋ ತಂದು ಪೇರಿಸಿದಂತೆ ಕಂಡರೂ ಬಹುಪಾಲು ಇದ್ದಲ್ಲೇ ಹುಟ್ಟಿದ ಕಲ್ಲುಗಳು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಚಪ್ಪಡಿ ಕಲ್ಲು ಎಬ್ಬಿಸಿ ಕಟ್ಟಿದ ಕಬ್ಬಿಣಯುಗ ಕಾಲದ ಸುಮಾರು ನಾನೂರು ಗೋರಿ-ಮನೆಗಳಿವೆ. ನಮ್ಮ ಕಡೆ ಮೋರ್ಯರ ಮನೆ ಅಂತಾರಲ್ಲ, ಅವೇ. ಆನೆಗೊಂದಿ ಸುತ್ತ ಬಂಡೆಯ ಮರೆಗಳಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ. ವಿಜಯನಗರದ ಕಲ್ಲುಕುಟಿಗರು ಸಾಲಾಗಿ ಗುಳಿ ಕೊರೆದು ಬಂಡೆ ಸೀಳಿದ ಗುರುತುಗಳಂತೂ ಹೊಳೆಯ ಎರಡೂ ದಂಡೆಯಲ್ಲಿ ಎಲ್ಲಿ ನೋಡಿದರೂ ಸಿಗುತ್ತವೆ. ಗುಳಿ ಕೊರೆದು, ಸೀಳದೆ ಬಿಟ್ಟುಹೋದ ಕಲ್ಲುಗಳೂ ಇವೆ.

ಹೀಗಾಗಿ ಬಂಡೆ ಮುಟ್ಟಿದ್ದೇ ತಪ್ಪು ಅನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಯಾವ ಬಂಡೆ, ಎಷ್ಟು ಜನ, ಯಾರ ಹೊಲ ದಾಟಿ ಅನ್ನುವುದು ಮಾತ್ರ ಕೇಳಲೇಬೇಕಾದ ಪ್ರಶ್ನೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗುಡಿ ನೋಡಲು ಬಂದ ವಿದೇಶಿಯರಲ್ಲಿ ಕೆಲವರು ಹರಿಗೋಲು, ದೋಣಿ ಹತ್ತಿ ಈ ಕಡೆಯ ವಿರೂಪಾಪುರ ಗಡ್ಡಿಗೆ ಬಂದು ಉಳಿಯತೊಡಗಿದರು. ಹಂಪಿ ದಂಡೆಗಿಂತ ಇಲ್ಲಿ ಬಿಗಿ ಕಮ್ಮಿ, ಖರ್ಚೂ ಕಮ್ಮಿ. 2003ರಲ್ಲಿ ಅಮೆರಿಕದ ಹೆಸರಾಂತ ಆರೋಹಿ ಕ್ರಿಸ್ ಶರ್ಮಾ ಮತ್ತು ಗೆಳೆಯರು ಇಲ್ಲಿನ ಬಂಡೆ ಹತ್ತಿದ್ದನ್ನು ತೋರಿಸುವ 'ಪಿಲ್ಗ್ರಿಮೇಜ್' ಸಿನಿಮಾ ಬಂತು. ಯಾತ್ರೆ ಅಂತ ಅದರ ಅರ್ಥ. ಹೆಸರು ಇಟ್ಟವರಿಗೆ ನಮ್ಮ ಅಂಜನಾದ್ರಿಯ ಜಾತ್ರೆ ಗೊತ್ತಿತ್ತೋ ಇಲ್ಲವೋ! ಆ ಸಿನಿಮಾ ನೋಡಿ ದೇಶದೇಶಗಳಿಂದ ಹತ್ತುವವರು ಬಂದರು. ಗದ್ದೆಯ ಪಕ್ಕ ಗುಡಿಸಲು, ಹೋಟೆಲ್, ಹಾಸಿಗೆ ಬಾಡಿಗೆಗೆ ಕೊಡುವವರು ಹುಟ್ಟಿಕೊಂಡರು. ಬೈಕ್ ಬಾಡಿಗೆ, ಅಡುಗೆ, ಬಟ್ಟೆ ಒಗೆತ ಅಂತ ಊರಿನ ಮನೆಗಳಿಗೂ ದುಡಿಮೆ ಸಿಕ್ಕಿತು. ನಮ್ಮ ಹುಡುಗರಲ್ಲೂ ಕೆಲವರು ಅವರ ಜೊತೆ ಸೇರಿ ಹತ್ತೋದು ಕಲಿತರು.

ಆದರೆ ಕಾನೂನು ಬೇರೆ ದಾರಿಯಲ್ಲಿತ್ತು. 1988ರ ರಾಜ್ಯ ಸರ್ಕಾರದ ಅಧಿಸೂಚನೆಯಂತೆ ಗಡ್ಡಿ ಸಂರಕ್ಷಿತ ಪ್ರದೇಶ. ಆನೆಗೊಂದಿ ಸೇತುವೆಯ ಗಲಾಟೆಯಿಂದ 1999ರಲ್ಲಿ ಹಂಪಿ 'ಅಪಾಯದಲ್ಲಿರುವ ತಾಣ' ಅನಿಸಿಕೊಂಡಿತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ನಡುವೆ 2002ರ ಕಾಯ್ದೆಯಿಂದ ಹಂಪಿ ಪ್ರಾಧಿಕಾರ ಬಂತು. ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿ ಅದರ ಕೆಳಗೆ. 2011ರಲ್ಲಿ ಹಂಪಿ ಬಜಾರದ ಅಂಗಡಿ-ಮನೆ ಒಡೆದರು. ಗಡ್ಡಿಯ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಫೆಬ್ರವರಿಯಲ್ಲಿ ಕಟ್ಟಡದವರು ಸೋತರು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು. ಅದೇ ತಿಂಗಳ ಕೊನೆಗೆ ದೇಶಕ್ಕೆಲ್ಲ ಲಾಕ್‌ಡೌನ್. ಗಡ್ಡಿಯಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೆ ಒಂದೇ ತಿಂಗಳಲ್ಲಿ ಎರಡು ಏಟು.

ಗಮನಿಸಿ, ಗಡ್ಡಿಯ ವ್ಯಾಜ್ಯ ಕಟ್ಟಡಗಳದ್ದು, ಬಂಡೆಗಳದ್ದಲ್ಲ. ಕಟ್ಟಡ ಹೋದವು, ಬಂಡೆ ಉಳಿದವು, ಹತ್ತುವವರ ಆಸೆಯೂ ಉಳಿಯಿತು. ಲಾಕ್‌ಡೌನ್ ಮುಗಿದ ಮೇಲೆ ಅವರು ಸಾಣಾಪುರ, ಆನೆಗೊಂದಿ ಕಡೆ ಹೋಂಸ್ಟೇ ಹುಡುಕಿಕೊಂಡು ಬಂದರು. ಮೊದಲು ಒಂದೇ ಕಡೆ ಇದ್ದ ಗದ್ದಲ ಈಗ ಹರಡಿಕೊಂಡಿದೆ.

ಸಾಣಾಪುರದ ಕೆರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಜಾಗ. ಸುತ್ತ ಭತ್ತ. ಒಬ್ಬರಿಬ್ಬರು ಬದುವಿನ ಮೇಲೆ ನಡೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದಿನಕ್ಕೆ ಹತ್ತು ಗುಂಪು ಹಾಸಿಗೆ ಹೊತ್ತು ನಡೆದರೆ ಬದು ಕುಸಿಯುತ್ತದೆ, ಮಡಿಯ ನೀರು ಪಕ್ಕದವನ ಗದ್ದೆಗೆ ಹೋಗುತ್ತದೆ, ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುತ್ತದೆ. ಹೋಂಸ್ಟೇ ಬಾಡಿಗೆ ಒಬ್ಬರ ಜೇಬಿಗೆ ಹೋದರೆ ಬದು ಕಟ್ಟುವ ಕೂಲಿ ಇನ್ನೊಬ್ಬರ ತಲೆಗೆ. ಸುದ್ದಿಗೆ ಹೋದಾಗ ನಾವು ಹೆಚ್ಚು ಕೇಳಿದ್ದು ಇದೇ ತಕರಾರು. ವಿದೇಶಿಯರ ಬಟ್ಟೆಬರೆ ಬಗ್ಗೆ ಟಿವಿಯವರಿಗೆ ಇರುವ ಕುತೂಹಲ ಇಲ್ಲಿನ ರೈತರಿಗೆ ಅಷ್ಟಿಲ್ಲ.

ಇನ್ನು ಬಿಳಿ ಪುಡಿ. ಚೆನ್ನಾಗಿ ಕಲಿತವರು ಹತ್ತಿ ಇಳಿದ ಮೇಲೆ ಬ್ರಷ್‌ನಿಂದ ಉಜ್ಜಿ ಹೋಗುತ್ತಾರೆ. ಉಜ್ಜದೆ ಹೋದರೆ ಮಳೆ ತಾಗದ ಮರೆಯಲ್ಲಿ ಕಲೆ ಉಳಿಯುತ್ತದೆ. ಹಳೆಯ ಚಿತ್ರಗಳಿರುವುದೂ ಅಂಥ ಮರೆಗಳಲ್ಲೇ. ಚಿತ್ರ ಇರುವ ಬಂಡೆಯ ಹತ್ತಿರ ಒಂದು ಫಲಕವಾದರೂ ಬೇಕು. ಕೆಮ್ಮಣ್ಣಿನ ಗೆರೆ ಯಾವುದು, ಬಂಡೆಯ ಬಣ್ಣ ಯಾವುದು ಅಂತ ಹೊರಗಿನವರಿಗೆ ಬಿಡಿ, ನಮಗೇ ಮೊದಲ ಸಲ ತಿಳಿಯಲಿಲ್ಲ. ಈ ಗುಡ್ಡಗಳ ಪೊಟರೆಗಳಲ್ಲಿ ಚಿರತೆ, ಕರಡಿ ಇವೆ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಸಿಗದ ಹಳದಿ ಕತ್ತಿನ ಪಿಕಳಾರವೂ ಇದೆ. ಟಾರ್ಚ್ ಹಾಕಿಕೊಂಡು ರಾತ್ರಿ ಹತ್ತುವುದು ಇಬ್ಬರಿಗೂ ಒಳ್ಳೆಯದಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಜನಸಂದಣಿಯಲ್ಲಿ ಹತ್ತುವವರ ಪಾಲು ಸಣ್ಣದು. ಅಂಜನಾದ್ರಿಯ 575 ಮೆಟ್ಟಿಲಿಗೆ ಹನುಮಮಾಲೆಯ ದಿನ ಬರುವ ಜನರ ಮುಂದೆ ಇವರು ಲೆಕ್ಕಕ್ಕೇ ಇಲ್ಲ. 2019ರಲ್ಲಿ ಹಂಪಿಯ ಕಂಬ ತಳ್ಳಿ ಬೀಳಿಸಿ ವಿಡಿಯೊ ಮಾಡಿದವರೂ ಬಂಡೆ ಹತ್ತುವವರಲ್ಲ. ಕೋರ್ಟು ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತ್ತು.

ಬೇರೆ ಕಡೆ ಏನು ಮಾಡಿದ್ದಾರೆ? ಶೋಲೆ ಸಿನಿಮಾದ ರಾಮನಗರದಲ್ಲಿ ಬಂಡೆಗೋಡೆ ಹತ್ತುವ ಹವ್ಯಾಸ ಹಳೆಯದು. ಅಲ್ಲಿನ ರಾಮದೇವರ ಬೆಟ್ಟದ ಗೋಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. 2012ರಲ್ಲಿ ಅದು ರಣಹದ್ದು ಧಾಮವಾಯಿತು. ಹದ್ದು ಮರಿ ಮಾಡುವ ಕಾಲ, ಹತ್ತುವವರ ಹಂಗಾಮು ಎರಡೂ ಚಳಿಗಾಲವೇ. ಅಲ್ಲಿ ಹದ್ದಿನ ಪರ ನಿಂತದ್ದು ಸರಿ ಅನ್ನುವುದು ನಮ್ಮ ಅಭಿಪ್ರಾಯ. ಅಮೆರಿಕದ ಟೆಕ್ಸಾಸ್‌ನಲ್ಲಿ ಹ್ಯೂಕೊ ಟ್ಯಾಂಕ್ಸ್ ಅಂತ ಒಂದು ಜಾಗ ಇದೆ. ನಮ್ಮಲ್ಲಿಯ ಹಾಗೇ ಹಳೆಯ ಚಿತ್ರಗಳಿರುವ ಬಂಡೆಗುಡ್ಡ, ಬೋಲ್ಡರಿಂಗ್‌ಗೂ ಹೆಸರುವಾಸಿ. ಜನ ಹೆಚ್ಚಾಗಿ ಚಿತ್ರ ಕೆಡತೊಡಗಿದಾಗ 1998ರಲ್ಲಿ ನಿಯಮ ತಂದರು. ಒಂದು ಗುಡ್ಡಕ್ಕೆ ಒಮ್ಮೆಗೆ 70 ಜನ ಮಾತ್ರ, ಉಳಿದ ಗುಡ್ಡಗಳಿಗೆ ಗೈಡ್ ಇಲ್ಲದೆ ಪ್ರವೇಶ ಇಲ್ಲ. ಹತ್ತುವವರು ಗೊಣಗಿದರು, ಆದರೆ ಬರುವುದು ಬಿಡಲಿಲ್ಲ. ಗೈಡ್ ಕೆಲಸ ಮಾಡುವವರಿಗೆ ದಾರಿಯೂ ಆಯಿತು.

ನಮ್ಮಲ್ಲಿ ಆ ಗೈಡ್ ಆಗಬಲ್ಲ ಹುಡುಗರು ಆಗಲೇ ಇದ್ದಾರೆ. ಯಾವ ಬಂಡೆಯ ಹಿಂದೆ ಚಿತ್ರ ಇದೆ, ಯಾವ ಪೊಟರೆಯಲ್ಲಿ ಚಿರತೆ ಮರಿ ಹಾಕುತ್ತದೆ, ಯಾವ ಬದು ಯಾರದು ಅಂತ ಅವರಿಗೆ ಗೊತ್ತು. ಪಂಚಾಯಿತಿ, ಅರಣ್ಯ ಇಲಾಖೆ, ಪ್ರಾಧಿಕಾರ, ಗದ್ದೆಯವರು ಒಂದು ಸಲ ಅವರನ್ನು ಕೂರಿಸಿಕೊಂಡು ಗುಡ್ಡಕ್ಕೆ ಹೋಗುವ ಎರಡು ದಾರಿ ಗೊತ್ತುಮಾಡಿ, ಬದು ರಿಪೇರಿಗೆ ತಲೆಗಿಷ್ಟು ಅಂತ ಹಣ ಎತ್ತಬಹುದು. ಅದಕ್ಕೆ ಸುಪ್ರೀಂ ಕೋರ್ಟ್ ಬೇಕಿಲ್ಲ.

ಹಾಸಿಗೆ ಹೊತ್ತವರು ಮತ್ತೆ ನವೆಂಬರಿನಲ್ಲಿ ಬರುತ್ತಾರೆ. ಗಂಗಾವತಿ ಸೀಮೆಯಲ್ಲಿ ಮುಂಗಾರಿನ ಭತ್ತ ಕೊಯ್ಲಿಗೆ ಬರುವುದೂ ಆಗಲೇ.