ಸಯನ್ನಿನ ಮನೆಗಳೂ ಗಾಳಿಯ ನಿಯಮವೂ

1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು, ಗಾಳಿಬೆಳಕುಗಳಿಲ್ಲದ ಚಾಳುಗಳಲ್ಲಿ ಸಹಸ್ರಾವಧಿ ಜನರನ್ನು ಆಹುತಿಗೊಂಡ ಮೇಲೆ, 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ದಾದರ್, ಮಾಟುಂಗ, ಸಯನ್‌ಗಳ ಬಯಲನ್ನು ಹೊಸ ಬಡಾವಣೆಗಳಾಗಿ ರೂಪಿಸತೊಡಗಿತು. ಕಟ್ಟಡದ ಎತ್ತರವು ಮುಂದಣ ತೆರವಿನ ಅಗಲದ ಇಮ್ಮಡಿಯನ್ನು ಮೀರಕೂಡದೆಂಬ, 63.5 ಡಿಗ್ರಿಯ ಕೋನದಿಂದ ಅಳೆಯಲ್ಪಡುತ್ತಿದ್ದ ಅದರ ನಿಯಮವು, ರೋಗಭಯದಿಂದ ಜನಿಸಿದುದಾದರೂ, ಉಷ್ಣಶಮನದ ಮಹೋಪಕಾರವನ್ನೂ ಮಾಡಿತು. ಉದ್ಯೋಗವನ್ನರಸಿ ಕನ್ನಡ ಕರಾವಳಿಯಿಂದ ಬಂದ ಸಂಸಾರಗಳು ಎದುರುಬದುರು ಕಿಟಕಿಗಳ ನಡುವೆ ಹಾಯುವ ಕಡಲಗಾಳಿಯಲ್ಲಿಯೇ ವೈಶಾಖವನ್ನು ಕಳೆದವು. ಇಂದು ಬಾಲ್ಕನಿಗಳಿಗೆ ಗಾಜು ಮುಚ್ಚಿ, ಶಾಖವನ್ನು ಬೀದಿಗೆ ಉಗುಳುವ ಎ.ಸಿ. ಯಂತ್ರಗಳನ್ನು ಕೂರಿಸುವುದು ನಿಜವಾದ ನಷ್ಟವೇ ಸರಿ. ಹಳೆಯ ಕಟ್ಟಡವನ್ನು ಕೆಡವಿ ಹೊಸತನ್ನು ಕಟ್ಟುವ ಗೃಹಸಂಘದವರು ಪ್ರತಿ ಮನೆಯಲ್ಲಿಯೂ ಗಾಳಿಗೆ ಎರಡು ದಿಕ್ಕುಗಳನ್ನಾದರೂ ತೆರೆದಿಡಬೇಕೆಂದು ನನ್ನ ಪ್ರಾರ್ಥನೆ.