ಆಂಗ್ಲ ಸಹಾಯಕ ಕ್ರಿಯಾಪದಗಳ ಪೂರ್ವವೃತ್ತಾಂತ

ನಡೆಯಬಹುದಾಗಿದ್ದೂ ನಡೆಯದೆ ಹೋದ ಸಂಗತಿಯನ್ನು ಹೇಳುವುದಕ್ಕಾಗಿ ‘ಕುಡ್’, ‘ಶುಡ್’, ‘ಮೈಟ್’ ಎಂಬ ಸಹಾಯಕ ಕ್ರಿಯಾಪದಗಳ ಬೆನ್ನಿಗೆ ‘ಹ್ಯಾವ್’ ಎಂಬುದನ್ನೂ ಭೂತಕೃದಂತವನ್ನೂ ಇರಿಸುವ ಆಂಗ್ಲ ಪದ್ಧತಿಯು, ವಿದ್ಯಾರ್ಥಿಗಳಿಗೆ ಬರಿಯ ಕಂಠಪಾಠದ ಸೂತ್ರವೆಂದು ತೋರುವುದಾದರೂ, ಅದರ ಹಿಂದೆ ದೀರ್ಘವಾದ ಚರಿತ್ರೆಯುಂಟು. 1066ರ ನಾರ್ಮನ್ ವಿಜಯಕ್ಕೆ ಮುಂಚಿನ ಪ್ರಾಚೀನ ಆಂಗ್ಲದಲ್ಲಿ ಇವುಗಳಿಗೆ ಸ್ವತಂತ್ರ ಕ್ರಿಯಾಪದಗಳ ಸತ್ತ್ವವಿದ್ದಿತು. ‘ಕ್ಯಾನ್’ ಎಂಬುದಕ್ಕೆ ಅರಿತಿರುವುದೆಂದೂ ‘ಶಲ್’ ಎಂಬುದಕ್ಕೆ ಋಣಿಯಾಗಿರುವುದೆಂದೂ ಅರ್ಥವಿದ್ದು, ‘ಕುಡ್’, ‘ಶುಡ್’ಗಳು ಅವುಗಳ ನಿಜವಾದ ಭೂತಕಾಲರೂಪಗಳಾಗಿದ್ದುವು. (‘ಕುಡ್’ ಪದದ ಬರೆಹದಲ್ಲಿ ಇಂದು ಕಾಣುವ, ಉಚ್ಚಾರವಿಲ್ಲದ ಲಕಾರವು ‘ಶುಡ್’, ‘ವುಡ್’ಗಳ ಸಾದೃಶ್ಯದಿಂದ ತರುವಾಯ ಸೇರಿದುದು.) ಕಾಲಕ್ರಮದಲ್ಲಿ ಈ ರೂಪಗಳು ತಮ್ಮ ಭೂತಾರ್ಥವನ್ನು ಬಹುಮಟ್ಟಿಗೆ ತೊರೆದು ಸಂದೇಹ, ವಿನಯ, ಔಚಿತ್ಯಗಳನ್ನು ಸೂಚಿಸತೊಡಗಲು, ಸಂದುಹೋದುದನ್ನು ಹೇಳುವ ಭಾರವನ್ನು ‘ಹ್ಯಾವ್’ ಹೊರಬೇಕಾಯಿತು. ‘ಮಸ್ಟ್’ ಎಂಬುದಂತೂ ಹುಟ್ಟಿನಿಂದ ಭೂತರೂಪವಾಗಿದ್ದೂ ವರ್ತಮಾನಕ್ಕೆ ಸಂದುಬಿಟ್ಟಿತು.

ಅಮೆರಿಕದಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ಲಿಂಡ್ಲೆ ಮರ್ರೆಯು 1795ರಲ್ಲಿ ಯಾರ್ಕ್ ನಗರದಲ್ಲಿ ಪ್ರಕಟಿಸಿದ ವ್ಯಾಕರಣವು, ಲ್ಯಾಟಿನ್ ವ್ಯಾಕರಣದ ಪರಿಭಾಷೆಯನ್ನು ಅನುಸರಿಸಿ, ಇವನ್ನು ‘ಪೊಟೆನ್ಷಿಯಲ್ ಮೂಡ್’ ಎಂಬ ಹೆಸರಿನಲ್ಲಿ ಅಡಕಗೊಳಿಸಿ, ‘ಮೇ ಹ್ಯಾವ್’ ಪ್ರಯೋಗವನ್ನು ‘ಪರ್ಫೆಕ್ಟ್’ ಎಂದೂ ‘ಮೈಟ್ ಹ್ಯಾವ್’ ಪ್ರಯೋಗವನ್ನು ‘ಪ್ಲುಪರ್ಫೆಕ್ಟ್’ ಎಂದೂ ವಿಂಗಡಿಸಿತು. ಆ ಗ್ರಂಥದಿಂದ ಅಸಂಖ್ಯಾತ ಶಾಲೆಗಳಿಗೆ ಉಪಕಾರವಾದುದು ನಿಶ್ಚಯ. ಆದರೆ ನಡೆದಿರಬಹುದೆಂಬ ಊಹೆಗೂ ನಡೆಯಬೇಕಿತ್ತೆಂಬ ಪರಿತಾಪಕ್ಕೂ ಇರುವ ಅಂತರವು ಕಾಲದ ಹೆಸರುಗಳಿಂದ ತಿಳಿಯತಕ್ಕುದಲ್ಲವಾದುದರಿಂದ, ಅಧ್ಯಾಪಕರು ಪಟ್ಟಿಯನ್ನು ಬದಿಗಿರಿಸಿ ಮೊದಲು ವಾಕ್ಯದ ಸಂದರ್ಭವನ್ನೇ ವಿವರಿಸುವುದು ಲೇಸು.