ಕ್ರೂಸ್ ಹಡಗಿನ ‘ಸ್ವೀಟ್’ ರೂಮ್: ದುಪ್ಪಟ್ಟು ದುಡ್ಡಿಗೆ ಸಿಗೋದೇನು? ಅಡ್ವಾನ್ಸ್ ಕೊಡೋ ಮುಂಚೆ ತಿಳಿಯಬೇಕಾದ್ದು

ಅಪ್ಪ-ಅಮ್ಮನ ಷಷ್ಟ್ಯಬ್ದಿ, ಮದುವೆಯಾಗಿ 25 ವರ್ಷ, ಮಕ್ಕಳ ಓದು ಮುಗಿದ ಖುಷಿ. ಇಂಥ ಹೊತ್ತಿನಲ್ಲಿ ‘ಈ ಸಲ ಕ್ರೂಸ್ ಹೋಗೋಣ’ ಅನ್ನೋ ಕುಟುಂಬಗಳು ಈಗ ತಾಲೂಕು ಕೇಂದ್ರಗಳಲ್ಲೂ ಇವೆ. ಮುಂಬೈ-ಗೋವಾ-ಲಕ್ಷದ್ವೀಪದ ಹಡಗು, ಸಿಂಗಾಪುರದಿಂದ ಹೊರಡುವ ಹಡಗು, ಸ್ವಲ್ಪ ಹೆಚ್ಚು ದುಡ್ಡಿದ್ದರೆ ಯುರೋಪ್. ಎಲ್ಲಿಗೆ ಅನ್ನೋದು ತೀರ್ಮಾನ ಆದ ಮೇಲೆ ಏಜೆಂಟರು ಹೇಳುವ ಮಾತು ಒಂದೇ: ‘ಜೀವನದಲ್ಲಿ ಒಂದ್ಸಲ ಹೋಗೋದು ಸಾರ್, ಸ್ವೀಟ್ ರೂಮೇ ತಗೊಳ್ಳಿ.’

ಸ್ವೀಟ್ ಅಂದರೆ ಹಡಗಿನ ದುಬಾರಿ ದರ್ಜೆಯ ದೊಡ್ಡ ರೂಮು. ಬಾಲ್ಕನಿ ರೂಮಿಗೆ ಹೋಲಿಸಿದರೆ ದರ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ಸಣ್ಣ ಅಂಗಡಿ ನಡೆಸುವ ಮನೆಗೆ ಈ ವ್ಯತ್ಯಾಸವೇ ಒಂದು ವರ್ಷದ ಉಳಿತಾಯ ಆಗಬಹುದು. ಇಷ್ಟು ಕೊಟ್ಟರೆ ಅಷ್ಟು ಬೆಲೆ ಬಾಳುತ್ತಾ? ಚಿಕ್ಕ ಉತ್ತರ: ಕೆಲವರಿಗೆ ಹೌದು, ಬಹಳ ಜನಕ್ಕೆ ಇಲ್ಲ. ಯಾರಿಗೆ ಹೌದು, ಯಾರಿಗೆ ಇಲ್ಲ ಅನ್ನೋದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ಮೊದಲು ರೂಮುಗಳ ವಿಷಯ

ಹಡಗಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ರೂಮು. ಕಿಟಕಿಯೇ ಇಲ್ಲದ ಇಂಟೀರಿಯರ್, ಕಿಟಕಿ ಇರುವ ಓಶನ್ ವ್ಯೂ, ಹೊರಗೆ ಕೂರಲು ಜಾಗ ಇರುವ ಬಾಲ್ಕನಿ, ಆಮೇಲೆ ಸ್ವೀಟ್. ಹೊಸ ದೊಡ್ಡ ಹಡಗುಗಳಲ್ಲಿ ಬಾಲ್ಕನಿ ರೂಮು ಸುಮಾರು 180 ಚದರ ಅಡಿ ಇರುತ್ತದೆ. ಜೂನಿಯರ್ ಸ್ವೀಟ್ ಸುಮಾರು 280-300 ಚದರ ಅಡಿ. ಅದಕ್ಕಿಂತ ಮೇಲಿನವು 500 ದಾಟಿ, ತೀರಾ ದುಬಾರಿಯವು 1,500 ಚದರ ಅಡಿಯನ್ನೂ ದಾಟುತ್ತವೆ.

ಹೆಸರು ನೋಡಿ ಮೋಸ ಹೋಗಬಾರದು. ‘ಮಿನಿ ಸ್ವೀಟ್’, ‘ಜೂನಿಯರ್ ಸ್ವೀಟ್’ ಅನ್ನೋದು ಹಲವು ಹಡಗುಗಳಲ್ಲಿ ಸ್ವಲ್ಪ ದೊಡ್ಡ ಬಾಲ್ಕನಿ ರೂಮು ಅಷ್ಟೇ. ಮುಂಬೈನಿಂದ ಓಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗಿನಲ್ಲೂ ಮಿನಿ ಸ್ವೀಟ್, ಸ್ವೀಟ್, ಚೇರ್ಮನ್ಸ್ ಸ್ವೀಟ್ ಅಂತ ಬೇರೆ ಬೇರೆ ಮೆಟ್ಟಿಲುಗಳಿವೆ. ಆ ಹಡಗು 1990ರಲ್ಲಿ ಕಟ್ಟಿದ್ದು. ಹಳೇ ಹಡಗುಗಳ ರೂಮು ಹೊಸ ಹಡಗಿನಷ್ಟು ದೊಡ್ಡದಿರೋದಿಲ್ಲ. ಹಾಗಾಗಿ ಹೆಸರು ಬಿಟ್ಟು, ಎಷ್ಟು ಚದರ ಅಡಿ ಅಂತ ಕೇಳೋದೇ ಸರಿ.

‘ಹಡಗಿನೊಳಗೊಂದು ಹಡಗು’

ಸ್ವೀಟ್ ದುಬಾರಿ ಆಗಿರೋದು ಜಾಗಕ್ಕಾಗಿ ಮಾತ್ರ ಅಲ್ಲ. ಸುಮಾರು 20 ವರ್ಷಗಳಿಂದ ದೊಡ್ಡ ಕಂಪನಿಗಳು ಸ್ವೀಟ್‌ನವರಿಗಾಗಿಯೇ ಹಡಗಿನ ಒಂದು ಭಾಗವನ್ನು ಬೇರೆ ಮಾಡಿ, ಅದಕ್ಕೆ ಬೇರೆ ಊಟದ ಹಾಲ್, ಲೌಂಜ್, ಈಜುಕೊಳ, ಬಟ್ಲರ್ ಕೊಡುತ್ತಿವೆ. ಬಟ್ಲರ್ ಅಂದರೆ ನಿಮ್ಮ ರೂಮಿನ ಬೇಕು-ಬೇಡ ನೋಡಿಕೊಳ್ಳುವ ಸಿಬ್ಬಂದಿ. ನಾರ್ವೀಜಿಯನ್ ಕಂಪನಿಯಲ್ಲಿ ಇದರ ಹೆಸರು ‘ದಿ ಹೇವನ್’. ಎಂಎಸ್‌ಸಿಯಲ್ಲಿ ‘ಯಾಟ್ ಕ್ಲಬ್’, ಇದು 2008ರಲ್ಲಿ ಫಂತಾಸಿಯಾ ಹಡಗಿನಿಂದ ಶುರುವಾಯಿತು. ಸೆಲೆಬ್ರಿಟಿಯಲ್ಲಿ ‘ದಿ ರಿಟ್ರೀಟ್’. ಸಿಂಗಾಪುರದಿಂದ ಓಡುವ ಗೆಂಟಿಂಗ್ ಡ್ರೀಮ್ ಹಡಗಿನಲ್ಲಿ ‘ದಿ ಪ್ಯಾಲೇಸ್’.

ಒಂದೇ ಹಡಗಿನಲ್ಲೂ ಸವಲತ್ತು ಒಂದೇ ಇರೋದಿಲ್ಲ. ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳಲ್ಲಿ ಸ್ವೀಟ್‌ಗಳಿಗೆ ಸೀ, ಸ್ಕೈ, ಸ್ಟಾರ್ ಅಂತ ಮೂರು ದರ್ಜೆ. ಸ್ಟಾರ್ ದರ್ಜೆಯಲ್ಲಿ ಪಾನೀಯ, ವೈಫೈ, ಸ್ಪೆಷಲ್ ರೆಸ್ಟೋರೆಂಟ್, ಟಿಪ್ಸ್ ಎಲ್ಲ ಸೇರಿರುತ್ತದೆ. ಜೊತೆಗೆ ‘ರಾಯಲ್ ಜೀನಿ’ ಅನ್ನೋ ಸಿಬ್ಬಂದಿ ಬೇರೆ. ಸೀ ದರ್ಜೆಯ ಜೂನಿಯರ್ ಸ್ವೀಟ್‌ನವರಿಗೆ ಸ್ವೀಟ್‌ನವರ ಊಟದ ಹಾಲ್‌ನಲ್ಲಿ ರಾತ್ರಿ ಊಟಕ್ಕೆ ಮಾತ್ರ ಅವಕಾಶ. ಎರಡಕ್ಕೂ ಬೋರ್ಡು ‘ಸ್ವೀಟ್’ ಅಂತಲೇ.

ದರ ಯಾಕೆ ಏರಿತು?

2020ರಲ್ಲಿ ಕೊರೊನಾದಿಂದ ಹಡಗುಗಳೆಲ್ಲ ನಿಂತಿದ್ದವು. ಮತ್ತೆ ಓಡಲು ಶುರುವಾದ ಹೊಸದರಲ್ಲಿ ರೂಮು ಖಾಲಿ ಇದ್ದವು, ಸ್ವೀಟ್ ಕೂಡ ಒಳ್ಳೆ ದರಕ್ಕೆ ಸಿಗುತ್ತಿತ್ತು. ಈಗ ಹಾಗಿಲ್ಲ. ಜಗತ್ತಿನಲ್ಲಿ 2019ರಲ್ಲಿ ಸುಮಾರು 2.97 ಕೋಟಿ ಜನ ಕ್ರೂಸ್ ಹೋಗಿದ್ದರು. 2024ರಲ್ಲಿ ಅದು ಸುಮಾರು 3.46 ಕೋಟಿ. ಒಂದು ಹಡಗಿನಲ್ಲಿ ಸಾವಿರಾರು ರೂಮಿದ್ದರೂ ಒಳ್ಳೆ ಸ್ವೀಟ್‌ಗಳು ಕೆಲವೇ. ಎಂಎಸ್‌ಸಿ ಫಂತಾಸಿಯಾದಲ್ಲಿ 1,600ಕ್ಕೂ ಹೆಚ್ಚು ರೂಮಿದ್ದರೆ ಯಾಟ್ ಕ್ಲಬ್‌ಗೆ ಸೇರಿದ್ದು ಸುಮಾರು 70. ಸರಕು ಕಡಿಮೆ, ಗಿರಾಕಿ ಜಾಸ್ತಿ. ಆಗ ದರ ಏನಾಗುತ್ತದೆ ಅಂತ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ವಿಷಯ ತಿಳಿದಿರಲಿ. ಏಜೆಂಟರಿಗೆ ಕಮಿಷನ್ ಸಾಮಾನ್ಯವಾಗಿ ಟಿಕೆಟ್ ದರದ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ದೊಡ್ಡ ರೂಮು ಮಾರಿದಷ್ಟೂ ಮಾರ್ಜಿನ್ ಜಾಸ್ತಿ. ಹಾಗಂತ ಎಲ್ಲ ಏಜೆಂಟರೂ ಮೋಸ ಮಾಡುತ್ತಾರೆ ಅಂತಲ್ಲ. ಆದರೆ ಸಲಹೆ ಕೇಳುವಾಗ ಇದು ತಲೆಯಲ್ಲಿರಲಿ.

ಲೆಕ್ಕ ಹಾಕೋದು ಹೇಗೆ?

ಸ್ವೀಟ್ ಅನ್ನೋದು ಒಂದು ಕಾಂಬೋ ಆಫರ್ ಇದ್ದ ಹಾಗೆ. ಕಾಂಬೋದಲ್ಲಿರುವ ಸಾಮಾನು ನಿಮಗೆ ಬೇಕಾದ್ದೇ ಆದರೆ ಲಾಭ. ಬೇಡದ್ದಾದರೆ ಅದರ ಎಂಆರ್‌ಪಿ ಎಷ್ಟಿದ್ದರೂ ನಿಮ್ಮ ಪಾಲಿಗೆ ಸೊನ್ನೆ.

ತಿಳಿಯಲು ಸುಲಭ ಆಗಲಿ ಅಂತ ಒಂದು ಉದಾಹರಣೆ. ಇಲ್ಲಿರುವ ಅಂಕಿಗಳು ಲೆಕ್ಕಕ್ಕೆ ಇಟ್ಟುಕೊಂಡವು. ನಿಮ್ಮ ಕೊಟೇಶನ್‌ನಲ್ಲಿರುವ ಅಂಕಿ ಹಾಕಿಕೊಳ್ಳಿ. ಗಂಡ-ಹೆಂಡತಿ ಇಬ್ಬರು, 7 ರಾತ್ರಿ. ಬಾಲ್ಕನಿ ರೂಮು ಒಟ್ಟು 3 ಲಕ್ಷ ರೂಪಾಯಿ. ಎಲ್ಲ ಸೇರಿದ ಸ್ವೀಟ್ 6 ಲಕ್ಷ. ವ್ಯತ್ಯಾಸ 3 ಲಕ್ಷ.

ಮೊದಲ ಜೋಡಿ ಎಲ್ಲವನ್ನೂ ಬಳಸುವವರು. ಬಾಲ್ಕನಿ ತಗೊಂಡಿದ್ದರೆ ಬೇರೆಯಾಗಿ ಕೊಡಬೇಕಾಗಿದ್ದ ದುಡ್ಡು ಹೀಗೆ:
- ಮದ್ಯದ ಪ್ಯಾಕೇಜ್, ಒಬ್ಬರಿಗೆ ದಿನಕ್ಕೆ 6,000ದಂತೆ: 84,000
- ವೈಫೈ, ಒಬ್ಬರಿಗೆ ದಿನಕ್ಕೆ 1,500ರಂತೆ: 21,000
- ಟಿಪ್ಸ್, ಒಬ್ಬರಿಗೆ ದಿನಕ್ಕೆ 1,600ರಂತೆ: 22,400
- ಸ್ಪೆಷಲ್ ರೆಸ್ಟೋರೆಂಟ್‌ನಲ್ಲಿ 4 ಊಟ, ಒಬ್ಬರಿಗೆ 4,500ರಂತೆ: 36,000

ಒಟ್ಟು 1,63,400. 3 ಲಕ್ಷದಲ್ಲಿ ಇದನ್ನು ಕಳೆದರೆ ಉಳಿಯೋದು 1,36,600. ಅಂದರೆ ದೊಡ್ಡ ರೂಮು, ಬಟ್ಲರ್, ಪ್ರತ್ಯೇಕ ಈಜುಕೊಳಕ್ಕೆ ಅವರು ಕೊಟ್ಟದ್ದು ರಾತ್ರಿಗೆ ಸುಮಾರು 19,500 ರೂಪಾಯಿ.

ಎರಡನೇ ಜೋಡಿ ಸಸ್ಯಾಹಾರಿಗಳು, ಮದ್ಯ ಮುಟ್ಟುವುದಿಲ್ಲ. ಅವರು ಬೇರೆಯಾಗಿ ಕೊಳ್ಳುತ್ತಿದ್ದದ್ದು ಒಂದು ಫೋನಿಗೆ ವೈಫೈ 10,500, ಟಿಪ್ಸ್ 22,400, ಒಂದು ಸ್ಪೆಷಲ್ ಊಟ 9,000, ಕಾಫಿ-ಜ್ಯೂಸ್ 7,000. ಒಟ್ಟು 48,900. ಇವರಿಗೆ ಅದೇ ರೂಮಿನ ನಿಜವಾದ ಹೆಚ್ಚುವರಿ ಬೆಲೆ 2,51,100. ರಾತ್ರಿಗೆ ಸುಮಾರು 35,900 ರೂಪಾಯಿ.

ರೂಮು ಒಂದೇ, ದರ ಒಂದೇ. ಆದರೂ ಎರಡನೇ ಜೋಡಿಗೆ ಅದು ಹೆಚ್ಚುಕಮ್ಮಿ ದುಪ್ಪಟ್ಟು ದುಬಾರಿ. ನಮ್ಮ ಕಡೆಯ ಬಹಳಷ್ಟು ಕುಟುಂಬಗಳು, ಮುಖ್ಯವಾಗಿ ಹಿರಿಯರನ್ನು ಕರೆದುಕೊಂಡು ಹೋಗುವವರು, ಈ ಎರಡನೇ ಲೆಕ್ಕಕ್ಕೆ ಬರುತ್ತಾರೆ. ಕುಡಿಯದವರು ಬೇರೆಯವರ ಕುಡಿತದ ದುಡ್ಡು ಕಟ್ಟಿದ ಹಾಗೆ.

ಟಿಪ್ಸ್ ಸೇರಿದೆಯಾ ಕೇಳಿ

ಸ್ವೀಟ್ ಅಂದ ಕೂಡಲೇ ಎಲ್ಲ ಫ್ರೀ ಅಂತ ತಿಳಿಯಬೇಡಿ. ಅಮೆರಿಕದ ಕಂಪನಿಗಳು ತಲೆಗೆ ದಿನಕ್ಕಿಷ್ಟು ಅಂತ ಟಿಪ್ಸ್ ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ಅದೂ ಸ್ವೀಟ್‌ನವರಿಗೆ ಜಾಸ್ತಿ. ರಾಯಲ್ ಕೆರಿಬಿಯನ್ 2023ರ ಕೊನೆಯಲ್ಲಿ ಇದನ್ನು ಸಾಮಾನ್ಯ ರೂಮಿಗೆ 18.50 ಡಾಲರ್, ಸ್ವೀಟ್‌ಗೆ 21 ಡಾಲರ್ ಮಾಡಿತು. 7 ರಾತ್ರಿಗೆ ಇಬ್ಬರು ಅಂದರೆ 294 ಡಾಲರ್. ಸ್ಟಾರ್ ದರ್ಜೆಯವರಿಗೆ ಮಾತ್ರ ಇದು ಟಿಕೆಟ್ಟಲ್ಲೇ ಸೇರಿರುತ್ತದೆ.

ಯಾರಿಗೆ ಸ್ವೀಟ್ ಸರಿ?

ಮಂಡಿ ನೋವಿನ ಹಿರಿಯರಿದ್ದರೆ ಯೋಚಿಸಬಹುದು. ಹತ್ತುವಾಗ-ಇಳಿಯುವಾಗ ಆದ್ಯತೆ, ಕ್ಯೂ ಇಲ್ಲ, ಊಟದ ಹಾಲ್ ಹತ್ತಿರ. ಗ್ರೀಸ್‌ನ ಸ್ಯಾಂಟೊರಿನಿಯಂಥ ಕಡೆ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಸಣ್ಣ ಬೋಟಿನಲ್ಲಿ ಇಳಿಯಬೇಕು. ಅಲ್ಲಿ ಸರದಿ ಕಾಯದೆ ಹೋಗುವುದು ಹಿರಿಯರಿಗೆ ದೊಡ್ಡ ಅನುಕೂಲ.

ನಾಲ್ಕು ಜನರ ಕುಟುಂಬವೂ ಲೆಕ್ಕ ಹಾಕಿ ನೋಡಬೇಕು. ಕ್ರೂಸ್ ದರ ರೂಮಿಗಲ್ಲ, ತಲೆಗೆ. ಮೊದಲ ಇಬ್ಬರಿಗೆ ಪೂರ್ತಿ ದರ, ಮೂರನೇ-ನಾಲ್ಕನೇಯವರಿಗೆ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಎರಡು ಬಾಲ್ಕನಿ ರೂಮು ಮತ್ತು ಒಂದು ಸ್ವೀಟ್ ದರ ಕೆಲವೊಮ್ಮೆ ಹತ್ತಿರಹತ್ತಿರ ಬರುತ್ತದೆ. ಆದರೆ ಎರಡು ರೂಮು ತಗೊಂಡರೆ ಎರಡು ಬಾತ್‌ರೂಮ್ ಸಿಗುತ್ತದೆ ಅನ್ನೋದನ್ನೂ ಮರೆಯಬಾರದು.

ದಿನವಿಡೀ ಸಮುದ್ರದಲ್ಲೇ ಇರುವ ಪ್ರಯಾಣಕ್ಕೂ ಸ್ವೀಟ್ ಒಪ್ಪುತ್ತದೆ. ರೂಮಲ್ಲಿ, ಲೌಂಜಲ್ಲಿ ಕೂತು ಅನುಭವಿಸಲು ಸಮಯ ಇರುತ್ತದೆ.

ಯಾರಿಗೆ ಬೇಡ?

ಎರಡು-ಮೂರು ರಾತ್ರಿಯ ಪ್ರಯಾಣಕ್ಕೆ ಸ್ವೀಟ್ ದಂಡ. ಹತ್ತುವ ದಿನ ಅರ್ಧ ಹೋಗುತ್ತದೆ, ಇಳಿಯುವ ದಿನ ಬೆಳಗ್ಗೆಯೇ ರೂಮು ಬಿಡಬೇಕು. ಬಾರ್ಸಿಲೋನಾದಿಂದ ಹೊರಡುವ ಮೆಡಿಟರೇನಿಯನ್ ಪ್ರಯಾಣದಲ್ಲಿ ಹೆಚ್ಚು ಕಡಿಮೆ ದಿನಕ್ಕೊಂದು ಊರು. ಬೆಳಗ್ಗೆ ಇಳಿದು ಸಂಜೆ ಬರುವವರಿಗೆ ರೂಮು ಮಲಗೋದಕ್ಕೆ ಮಾತ್ರ.

ಪ್ರಯಾಣದಲ್ಲಿ ವಾಂತಿ, ತಲೆಸುತ್ತು ಬರುವವರೂ ಎಚ್ಚರ ವಹಿಸಬೇಕು. ಹಲವು ಹಡಗುಗಳಲ್ಲಿ ಸ್ವೀಟ್‌ಗಳು ಮೇಲಿನ ಅಂತಸ್ತಿನಲ್ಲಿ, ಮುಂಭಾಗದಲ್ಲಿ ಇರುತ್ತವೆ. ಅಲೆಗೆ ಹೆಚ್ಚು ಓಲಾಡುವುದು ಆ ಭಾಗವೇ. ಕೆಳ ಅಂತಸ್ತಿನ ನಡುಭಾಗದ ಅಗ್ಗದ ರೂಮೇ ಇವರಿಗೆ ಆರಾಮ.

ನಮ್ಮ ಊಟ ಇಲ್ಲದೆ ಆಗುವುದಿಲ್ಲ ಅನ್ನುವವರು ಮೊದಲೇ ಕೇಳಬೇಕು. ಸ್ವೀಟ್‌ನವರ ಹಾಲ್ ಚಿಕ್ಕದು, ಮೆನುವೂ ಚಿಕ್ಕದು. ಎಲ್ಲರೂ ಊಟ ಮಾಡುವ ದೊಡ್ಡ ಹಾಲ್‌ನಲ್ಲಿ ಮುಂಚೆ ತಿಳಿಸಿದರೆ ಭಾರತೀಯ ಸಸ್ಯಾಹಾರ ಮಾಡಿಕೊಡುವುದು ಹಲವು ಹಡಗುಗಳಲ್ಲಿದೆ. ದುಬಾರಿ ಹಾಲ್ ಬಿಟ್ಟು ದಿನಾ ಅಲ್ಲಿಗೇ ಹೋಗುವುದಾದರೆ ಸ್ವೀಟ್ ತಗೊಂಡು ಏನು ಬಂತು?

ಕಡಿಮೆಗೆ ಸಿಗುವ ದಾರಿ

- ಬಾಲ್ಕನಿ ಬುಕ್ ಮಾಡಿ, ಬೇಕಾದ ಒಂದೆರಡು ಸೌಲಭ್ಯ ಮಾತ್ರ ಬಿಡಿಯಾಗಿ ಕೊಳ್ಳುವುದು. ಬಹಳ ಜನಕ್ಕೆ ಸರಿಹೊಂದುವುದು ಇದೇ.
- ಅಪ್‌ಗ್ರೇಡ್ ಹರಾಜು. ಬುಕ್ ಆದ ಮೇಲೆ ಖಾಲಿ ಇರುವ ಮೇಲಿನ ರೂಮಿಗೆ ಇಷ್ಟು ಕೊಡುತ್ತೇವೆ ಅಂತ ಬಿಡ್ ಹಾಕಬಹುದು. ಬಿಡ್ ಮೊತ್ತ ತಲೆಗೆ, ರೂಮಿಗಲ್ಲ. ಒಪ್ಪಿಗೆಯಾದರೆ ದುಡ್ಡು ವಾಪಸ್ ಇಲ್ಲ. ಯಾವ ಸವಲತ್ತು ಬರುತ್ತದೆ ಅಂತ ಓದಿ ಹಾಕಬೇಕು.
- ತೀರಾ ದೊಡ್ಡ ಸ್ವೀಟ್‌ನ ದರ ಕೇಳಿದಾಗ, ಎಲ್ಲ ರೂಮೂ ಸ್ವೀಟೇ ಆಗಿರುವ ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್‌ನಂಥ ಸಣ್ಣ ಹಡಗುಗಳ ದರವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಊಟ, ಪಾನೀಯ, ಟಿಪ್ಸ್ ಎಲ್ಲ ಸೇರಿರುತ್ತದೆ.
- ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಕ್ರೂಸ್ ಹಡಗುಗಳಲ್ಲಿ ಕೆಲಸಕ್ಕಿದ್ದಾರೆ. ಕೆಲವು ಕಂಪನಿಗಳು ನೌಕರರ ಕುಟುಂಬ, ಸ್ನೇಹಿತರಿಗೆ ರಿಯಾಯಿತಿ ಕೊಡುತ್ತವೆ. ಪರಿಚಯದವರಿದ್ದರೆ ಕೇಳಿ. ಯಾವ ರೂಮು ಹೇಗೆ ಅಂತ ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳುವುದಿಲ್ಲ.

ಅಡ್ವಾನ್ಸ್ ಕೊಡೋ ಮುಂಚೆ ಕೇಳಬೇಕಾದ್ದು

1. ರೂಮು ಎಷ್ಟು ಚದರ ಅಡಿ? ಬಾಲ್ಕನಿ ಸೇರಿಸಿಯೋ, ಬಿಟ್ಟೋ?
2. ಪಾನೀಯ, ವೈಫೈ, ಟಿಪ್ಸ್, ಸ್ಪೆಷಲ್ ಊಟ – ಯಾವುದು ಸೇರಿದೆ? ಬರಹದಲ್ಲಿ ಕೊಡಿ.
3. ಅದೇ ದಿನದ, ಅದೇ ಹಡಗಿನ ಬಾಲ್ಕನಿ ದರ ಎಷ್ಟು?
4. ಬಂದರು ಶುಲ್ಕ, ತೆರಿಗೆ ಸೇರಿ ಹೇಳಿದ ದರವೇ?
5. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್? ಕೆಲವು ಕಂಪನಿಗಳಲ್ಲಿ ದೊಡ್ಡ ಸ್ವೀಟ್‌ನ ಮುಂಗಡ ವಾಪಸ್ ಬರುವುದೇ ಇಲ್ಲ.
6. ಟಿಸಿಎಸ್ ಎಷ್ಟು? ವಿದೇಶ ಪ್ಯಾಕೇಜ್ ಇಲ್ಲಿಯ ಏಜೆಂಟರಿಂದ ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ. ದರ, ಮಿತಿ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ. ಬುಕ್ ಮಾಡುವ ದಿನದ ದರ ಕೇಳಿ. ಐಟಿ ರಿಟರ್ನ್‌ನಲ್ಲಿ ಇದನ್ನು ಹೊಂದಾಣಿಕೆ ಮಾಡಿಕೊಳ್ಳಬಹುದು. ಆದರೆ ಅಲ್ಲಿವರೆಗೆ ಆ ದುಡ್ಡು ಕಟ್ಟಿಹಾಕಿದ ಹಾಗೆ. ದೊಡ್ಡ ಟಿಕೆಟ್ ಅಂದರೆ ದೊಡ್ಡ ಟಿಸಿಎಸ್. ಅಂಗಡಿಗೆ ಮಾಲು ತುಂಬಿಸುವ ಹಬ್ಬದ ಸೀಸನ್ ಹತ್ತಿರ ಇದ್ದರೆ ಇದನ್ನು ಮೊದಲೇ ಯೋಚಿಸಿ.

ಈ ಆರಕ್ಕೂ ಉತ್ತರ ಬಂದ ಮೇಲೆ ಮೇಲಿನ ಲೆಕ್ಕದ ಹಾಗೆ ಒಂದು ಚೀಟಿಯಲ್ಲಿ ಬರೆದು ನೋಡಿ. ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ನೀವು ಹೇಗೂ ಕೊಳ್ಳುತ್ತಿದ್ದ ಸಾಮಾನಿನದ್ದೇ ಆಗಿದ್ದರೆ ಸ್ವೀಟ್ ತಗೊಳ್ಳಲು ಅಡ್ಡಿಯಿಲ್ಲ. ಕಾಲು ಭಾಗವೂ ಬರದಿದ್ದರೆ ಬಾಲ್ಕನಿಯೇ ಸಾಕು. ಬಾಲ್ಕನಿಯಿಂದ ಕಾಣುವುದೂ ಅದೇ ಸಮುದ್ರ. ಉಳಿದ ದುಡ್ಡಲ್ಲಿ ಮತ್ತೊಂದು ಸಲ ಹೋಗಬಹುದು, ಇಲ್ಲವೇ ಈ ಸಲವೇ ಮನೆಯ ಇನ್ನಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು.